ಕಂಪವಾತ ಮತ್ತು ಜೀವಂತ ಮೆದುಳಿನ ಚಿತ್ರ

ಕಂಪವಾತದ ನೆಲೆಯನ್ನು ವೈದ್ಯರು ಬಹುಕಾಲ ಶವಪರೀಕ್ಷೆಯ ಮೇಜಿನ ಮೇಲೆ ಮಾತ್ರವೇ ಕಾಣಬಲ್ಲವರಾಗಿದ್ದರು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನನು 1817ರಲ್ಲಿ ಈ ರೋಗವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದಾಗ ಅವನಿಗೆ ಆಧಾರವಾಗಿದ್ದವರು ಆರೇ ಮಂದಿ. ಅವರಲ್ಲಿಯೂ ಕೆಲವರು ಬೀದಿಯಲ್ಲಿ ಕಣ್ಣಿಗೆ ಬಿದ್ದವರು. ಮೆದುಳಿನ ಕಾಂಡದಲ್ಲಿರುವ ಕಪ್ಪು ದ್ರವ್ಯವು ಈ ರೋಗದಲ್ಲಿ ಕ್ಷಯಿಸುತ್ತದೆಂಬುದನ್ನು ಟ್ರೆಟಿಯಾಕಾಫನು 1919ರಲ್ಲಿ ಪ್ಯಾರಿಸಿನಲ್ಲಿ ತೋರಿಸಿದನು. 1960ರಲ್ಲಿ ವಿಯೆನ್ನದ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ಎಂಬುವರು ಮೃತ ರೋಗಿಗಳ ಮೆದುಳಿನಲ್ಲಿ ಡೋಪಮೀನ್ ಬಹಳ ಕಡಮೆಯಾಗಿರುವುದನ್ನು ಅಳೆದು ತೋರಿಸಿದರು. ಮರುವರ್ಷವೇ ಲೆವೊಡೋಪವನ್ನು ರೋಗಿಗಳಿಗೆ ಕೊಟ್ಟು ಗುಣವನ್ನು ಕಂಡದ್ದಾಯಿತು. (ಈ ವಸ್ತುವನ್ನು ನಸುಗುನ್ನಿಯ ಬೀಜಗಳಿಂದ ದಾಮೋದರನ್ ಮತ್ತು ರಾಮಸ್ವಾಮಿಯವರು 1937ರಲ್ಲಿಯೇ ಬೇರ್ಪಡಿಸಿದ್ದರೆಂಬುದನ್ನು ಪ್ರಾಸಂಗಿಕವಾಗಿ ಇಲ್ಲಿ ನೆನೆಯಬಹುದು.)

1970ರ ದಶಕದಲ್ಲಿ ಬಂದ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಗೆಡ್ಡೆಯನ್ನೂ ರಕ್ತಸ್ರಾವವನ್ನೂ ಸ್ಪಷ್ಟವಾಗಿ ತೋರಿಸಿತಾದರೂ ಕಂಪವಾತದ ರೋಗಿಯ ಮೆದುಳು ಅದರಲ್ಲಿ ಹೆಚ್ಚುಕಡಮೆ ಆರೋಗ್ಯವಂತನ ಮೆದುಳಿನಂತೆಯೇ ಕಾಣುತ್ತಿತ್ತು. ಇಲ್ಲಿ ಕೆಟ್ಟಿದ್ದುದು ಆಕಾರಕ್ಕಿಂತ ಮಿಗಿಲಾಗಿ ರಸಾಯನ. ಆದಕಾರಣ ರಸಾಯನವನ್ನೇ ಚಿತ್ರಿಸುವ ಉಪಾಯವು ಬೇಕಾಯಿತು. 1983ರಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ ಗಾರ್ನೆಟ್ ಮತ್ತು ಸಂಗಡಿಗರು ವಿಕಿರಣಶೀಲ ಫ್ಲೂರೀನ್‌-18ನ್ನು ಡೋಪಕ್ಕೆ ಸೇರಿಸಿ, ಅದನ್ನು ರಕ್ತನಾಳಕ್ಕೆ ಕೊಟ್ಟು, ಜೀವಂತ ಮನುಷ್ಯನ ಮೆದುಳಿನಲ್ಲಿ ಅದು ಸಂಗ್ರಹವಾಗುವ ಎಡೆಯನ್ನು ಚಿತ್ರಿಸಿದರು. ಫ್ಲೂರೀನ್‌-18 ಹೊರಸೂಸುವ ಪಾಸಿಟ್ರಾನು ಎಲೆಕ್ಟ್ರಾನನ್ನು ಸಂಧಿಸಿ ನಾಶವಾದಾಗ ಎರಡು ಗಾಮಾ ಕಿರಣಗಳು ಪರಸ್ಪರ ವಿರುದ್ಧ ದಿಕ್ಕಿಗೆ ಹೊರಡುತ್ತವೆ; ತಲೆಯ ಸುತ್ತಲಿನ ಉಪಕರಣಗಳು ಅವೆರಡನ್ನೂ ಏಕಕಾಲದಲ್ಲಿ ಹಿಡಿದು ಮೂಲಸ್ಥಾನವನ್ನು ಗುರುತಿಸುತ್ತವೆ. ಇದರ ಅರ್ಧಾಯುವು ಸುಮಾರು 110 ನಿಮಿಷಗಳಾದುದರಿಂದ ಸೈಕ್ಲೊಟ್ರಾನಿನ ಸಮೀಪದಲ್ಲಿ ಮಾತ್ರವೇ ಇಂಥ ಕೆಲಸ ಸಾಧ್ಯವಾಗಿತ್ತು.

ಈ ವಿಧಾನದ ಬೆಲೆಯನ್ನು ತೋರಿಸಿಕೊಟ್ಟುದು ಒಂದು ದುರಂತ. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಳ್ಳತನದಿಂದ ತಯಾರಾದ ಮಾದಕದ್ರವ್ಯವನ್ನು ಚುಚ್ಚಿಕೊಂಡ ತರುಣರು ಕೆಲವೇ ದಿನಗಳಲ್ಲಿ ಮರಗಟ್ಟಿಹೋದರು. ಅದರಲ್ಲಿ ಎಂ.ಪಿ.ಟಿ.ಪಿ. ಎಂಬ ವಿಷವು ಬೆರೆತಿದ್ದುದನ್ನು ಲ್ಯಾಂಗ್‌ಸ್ಟನ್ ಮತ್ತು ಸಹೋದ್ಯೋಗಿಗಳು ಪತ್ತೆಹಚ್ಚಿದರು. ಆ ವಿಷವನ್ನು ತೆಗೆದುಕೊಂಡೂ ರೋಗಲಕ್ಷಣಗಳಿಲ್ಲದೆ ಓಡಾಡುತ್ತಿದ್ದ ಕೆಲವರನ್ನು ವ್ಯಾಂಕೂವರಿನಲ್ಲಿ ಚಿತ್ರಿಸಿದಾಗ ಅವರಲ್ಲಿಯೂ ಡೋಪದ ಸಂಗ್ರಹವು ಕುಗ್ಗಿರುವುದು ಕಂಡುಬಂದಿತು. 1985ರಲ್ಲಿ ಕಾಲ್ನ್ ಮೊದಲಾದವರು ಇದನ್ನು ಪ್ರಕಟಿಸಿದರು. ಕೈ ನಡುಗುವುದಕ್ಕೆ ಮುಂಚೆಯೇ ನಷ್ಟವು ಆರಂಭವಾಗಿರುತ್ತದೆಂಬ ಊಹೆಗೆ ಕಣ್ಣಿಗೆ ಕಾಣುವ ಆಧಾರ ದೊರೆತುದು ಹೀಗೆ. ಈ ಇತಿಹಾಸದ ಅತ್ಯಂತ ಮಹತ್ವದ ಘಟ್ಟ ಇದೇ ಎಂದು ನನ್ನ ಅಭಿಪ್ರಾಯ.

ಆದರೆ ಚಿತ್ರವು ಜೀವಕೋಶಗಳನ್ನು ಎಣಿಸುವುದಿಲ್ಲ. ಒಂದು ವಸ್ತುವಿನ ಹೀರಿಕೆಯನ್ನೋ ಬಂಧನವನ್ನೋ ಅಳೆಯುತ್ತದೆ. ಈ ಭೇದವನ್ನು ಮರೆತವರಿಗೆ 2004ರಲ್ಲಿ ಪ್ರಕಟವಾದ, 361 ರೋಗಿಗಳನ್ನೊಳಗೊಂಡ ಅಮೆರಿಕದ ಪ್ರಯೋಗವು ದೊಡ್ಡ ತೊಡಕನ್ನು ಒಡ್ಡಿತು. 40 ವಾರ ಲೆವೊಡೋಪವನ್ನು ಸೇವಿಸಿದವರು, ಔಷಧವನ್ನು ಎರಡು ವಾರ ನಿಲ್ಲಿಸಿದ ಮೇಲೂ, ಹುಸಿಗುಳಿಗೆಯನ್ನು ಪಡೆದವರಿಗಿಂತ ಚೆನ್ನಾಗಿದ್ದರು. ಚಿತ್ರಣಕ್ಕೊಳಗಾದವರಲ್ಲಿ ಮಾತ್ರ ಔಷಧ ಪಡೆದವರ ಮೆದುಳಿನ ಚಿತ್ರವೇ ಹೆಚ್ಚು ಹದಗೆಟ್ಟಂತೆ ತೋರಿತು. ಔಷಧವು ಕೋಶಗಳನ್ನು ಕೊಲ್ಲುತ್ತಿತ್ತೋ, ಅಥವಾ ಚಿತ್ರಿಸಲ್ಪಡುವ ವಾಹಕಾಣುವನ್ನು ಮಾತ್ರವೇ ತಗ್ಗಿಸುತ್ತಿತ್ತೋ ಎಂಬುದನ್ನು ಚಿತ್ರವೊಂದರಿಂದಲೇ ತೀರ್ಮಾನಿಸಲಾಗಲಿಲ್ಲ. 2019ರಲ್ಲಿ ಪ್ರಕಟವಾದ ಡಚ್ಚರ ಪ್ರಯೋಗವು ಮತ್ತೆ ರೋಗಿಯ ನಡೆಯನ್ನೂ ಕೈಯನ್ನೂ ನೋಡಿ ಅಳೆಯುವ ಹಳೆಯ ಕ್ರಮವನ್ನೇ ಹಿಡಿಯಿತು. ಲೆವೊಡೋಪವನ್ನು ಮೊದಲೇ ಆರಂಭಿಸಿದವರಿಗೂ 40 ವಾರ ತಡಮಾಡಿದವರಿಗೂ 80ನೆಯ ವಾರದಲ್ಲಿ ಗಣನೀಯ ವ್ಯತ್ಯಾಸವು ಕಂಡುಬರಲಿಲ್ಲ.