ಅರಳು ಮರಳಿನ ಲೆಕ್ಕ

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತನ್ನು ನಮ್ಮ ಮನೆಯಲ್ಲಿ ನಗುತ್ತಲೇ ಆಡುತ್ತಿದ್ದೆವು. ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗಲೂ ನಕ್ಕೆವು. ಒಂದು ದಿನ ಅವಳು ನನ್ನನ್ನೇ, ‘ಯಾರಮ್ಮ ನೀನು?’ ಎಂದು ಕೇಳಿದಾಗ ನಗು ನಿಂತಿತು. ಅಪ್ಪನ ರಕ್ತದೊತ್ತಡವನ್ನು ತಪ್ಪದೆ ನೋಡಿಸುತ್ತಿದ್ದ ಅಮ್ಮ ತನ್ನದನ್ನು ಒಮ್ಮೆಯೂ ನೋಡಿಸಿರಲಿಲ್ಲ.

ಈ ಎರಡಕ್ಕೂ ನಂಟಿರಬಹುದೆಂದು ನನಗೆ ತಿಳಿದದ್ದು ಅಮೆರಿಕದ ಒಂದು ಊರಿನ ಕಥೆ ಓದಿದಾಗ. 1945ರಲ್ಲಿ ಅಲ್ಲಿನ ಅಧ್ಯಕ್ಷ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ರಕ್ತದೊತ್ತಡ ವರ್ಷಗಳಿಂದ ಏರುತ್ತಲೇ ಇತ್ತು. ವಯಸ್ಸಾದಂತೆ ಅದು ಏರುವುದು ಸಹಜವೆಂದು ಅಂದಿನ ಬಹಳಷ್ಟು ವೈದ್ಯರು ನಂಬಿದ್ದರು. ಹೃದ್ರೋಗದ ಮೂಲ ಹುಡುಕಲು 1948ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಅಧ್ಯಯನ ಆರಂಭವಾಯಿತು. ಅದಕ್ಕೆ ಸೇರಿದವರು 5,209 ಜನ. ಅವರಲ್ಲಿ 2,873 ಮಂದಿ ಹೆಂಗಸರು. ಹೃದ್ರೋಗವೆಂದರೆ ಗಂಡಸರ ಕಾಯಿಲೆ ಎಂದುಕೊಂಡಿದ್ದ ಕಾಲವದು. ಎರಡು ವರ್ಷಕ್ಕೊಮ್ಮೆ ಅವರೆಲ್ಲ ಬಂದು ತೋಳಿಗೆ ಪಟ್ಟಿ ಕಟ್ಟಿಸಿಕೊಂಡರು, ರಕ್ತ ಕೊಟ್ಟರು, ಇ.ಸಿ.ಜಿ. ತೆಗೆಸಿಕೊಂಡರು. ಏರಿದ ರಕ್ತದೊತ್ತಡ, ಕೊಲೆಸ್ಟರಾಲ್ ಹೃದಯಕ್ಕೆ ಅಪಾಯವೆಂಬುದು ಹೀಗೆ ಖಚಿತವಾಯಿತು.

1970ರ ದಶಕದ ನಡುವಿನಲ್ಲಿ ಅವರಿಗೆ ಜ್ಞಾಪಕಶಕ್ತಿಯ ಪರೀಕ್ಷೆಯೂ ಬಂತು. ಅದು ನಮ್ಮ ತರಗತಿಯ ಬಾಯಿಪಾಠದಂಥದ್ದೇ. ಒಂದು ಪುಟ್ಟ ಕಥೆ ಹೇಳಿ, ತಿರುಗಿ ಹೇಳಿಸುವುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುವುದು. ಅಂಕಿಗಳನ್ನು ನೇರವಾಗಿ, ಆಮೇಲೆ ಹಿಂದುಮುಂದಾಗಿ ಒಪ್ಪಿಸುವುದು. ಹಳೆಯ ದಾಖಲೆಗಳ ಜೊತೆ ಅವನ್ನು ಹೋಲಿಸಿದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಹತ್ತು ವರ್ಷಕ್ಕೂ ಹಿಂದೆ ರಕ್ತದೊತ್ತಡ ಹೆಚ್ಚಿದ್ದು, ಔಷಧಿ ಕಾಣದವರು ಜ್ಞಾಪಕದಲ್ಲೂ ಹಿಂದೆ ಬಿದ್ದಿದ್ದರು. ಮರೆವು ಕಾಣಿಸಿಕೊಳ್ಳುವುದು ಮುಪ್ಪಿನಲ್ಲಾದರೂ ಅದರ ಬೇರು ನಡುವಯಸ್ಸಿನಲ್ಲೇ ಇಳಿದಿರಬಹುದು!

2016ರಲ್ಲಿ ಅದೇ ಊರಿನಿಂದ ಒಳ್ಳೆಯ ಸುದ್ದಿಯೂ ಬಂತು. ಮರೆವಿನ ಕಾಯಿಲೆಗೆ ಹೊಸದಾಗಿ ಬೀಳುವವರ ಪ್ರಮಾಣ ಮೂರು ದಶಕಗಳಲ್ಲಿ ಇಳಿದಿತ್ತು. ಆದರೆ ಆ ಇಳಿತ ಕಂಡದ್ದು ಹೈಸ್ಕೂಲಾದರೂ ಮುಗಿಸಿದವರಲ್ಲಿ ಮಾತ್ರ. ಓದಿದಾಗ ಮನಸ್ಸು ಭಾರವಾಯಿತು. ಅಮ್ಮ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಇಂಥದೇ ದೀರ್ಘಕಾಲದ ಅಧ್ಯಯನ ಕೈಗೊಂಡಿದೆ. ಅಲ್ಲಿ ಅಕ್ಷರ ಬಾರದ ಅಜ್ಜಿಯರ ನೆನಪೂ ಲೆಕ್ಕಕ್ಕೆ ಬರುತ್ತದೆ.

ಅಮ್ಮನ ಮರೆವಿಗೆ ರಕ್ತದೊತ್ತಡವೇ ಕಾರಣವೆಂದು ನಾನು ಹೇಳಲಾರೆ. ಅಳೆದವರೇ ಇಲ್ಲವಲ್ಲ! ಈಗ ಸ್ಟಾಫ್ ರೂಮಿನ ಗೆಳತಿಯರೆಲ್ಲ ಸೇರಿ ತಿಂಗಳಿಗೊಮ್ಮೆ ನಮ್ಮದನ್ನು ನೋಡಿಸಿಕೊಳ್ಳುತ್ತೇವೆ. ಅಂಕಿ ಬರೆದಿಡಲು ಒಂದು ಹಳೆಯ ಹಾಜರಿ ಪುಸ್ತಕವಿದೆ. ಮೊದಲ ಪುಟದಲ್ಲಿ ನನ್ನ ಹೆಸರು.