ಬರಿಗಾಲಿನವರಲ್ಲಿ ಯಾರು ದೊಡ್ಡವರು?

ಸೂಳೆಕೆರೆಯ ಏರಿಯ ಮೇಲೆ ಸಂಜೆ ಹೊತ್ತು ನಾಲ್ಕು ಜನ ಕೂತರೆ ಮಾತು ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅಡಿಕೆ ಧಾರಣೆಯಲ್ಲಿ ಶುರುವಾದದ್ದು ಭದ್ರಾ ನಾಲೆಯ ನೀರಿಗೆ ಬಂದು, ಅಲ್ಲಿಂದ ಮದುವೆ ಮನೆಯ ಬಿರಿಯಾನಿಗೆ ಹೊರಳುತ್ತದೆ. 2022ರ ಡಿಸೆಂಬರ್ ಕೊನೆಯಲ್ಲಿ ನಾವು ಹಾಗೆ ಕೂತಿದ್ದಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗರು ಜಗಳವಾಡುತ್ತಿದ್ದರು. ಮೆಸ್ಸಿ ಆಗಷ್ಟೇ ವಿಶ್ವಕಪ್ ಎತ್ತಿದ್ದ, ಪೆಲೆ ತೀರಿಕೊಂಡಿದ್ದರು. ಇಬ್ಬರಲ್ಲಿ ಯಾರು ದೊಡ್ಡವರು, ಮರಡೋನಾನನ್ನು ಎಲ್ಲಿ ಕೂರಿಸಬೇಕು ಎಂಬುದು ಅವರ ವಾದ. ನಮ್ಮ ಜೊತೆಗಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಸ್ವಲ್ಪ ಹೊತ್ತು ಕೇಳಿ, 'ಅವೆಲ್ಲ ಇರಲಿ, ನಮ್ಮ ರಾಜ್ಯದವರಲ್ಲಿ ಯಾರು ದೊಡ್ಡವರು ಹೇಳಿ' ಎಂದರು.

ಹುಡುಗರು ಸುನೀಲ್ ಛೇತ್ರಿ ಎಂದರು. ಛೇತ್ರಿ 2013ರಿಂದ ಬೆಂಗಳೂರು ತಂಡದ ಬೆನ್ನೆಲುಬಾಗಿದ್ದವರು ನಿಜ, ಆದರೆ ಈ ನೆಲದಲ್ಲಿ ಆಟ ಕಲಿತವರಲ್ಲ. ಇನ್ನೊಂದು ಹೆಸರು ಯಾರ ಬಾಯಿಂದಲೂ ಬರಲಿಲ್ಲ. ಹಿರಿಯರು, 'ಅಹ್ಮದ್ ಖಾನ್' ಎಂದಷ್ಟೇ ಹೇಳಿ ಬೀಡಿ ಹಚ್ಚಿದರು. ಹುಡುಗರು ಮುಖ ಮುಖ ನೋಡಿಕೊಂಡರು. ನಮಗೂ ಒಳಗೊಳಗೇ ನಾಚಿಕೆಯಾಯಿತು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದವರು ನಾವು. ಎರಡೂ ಕಡೆಯ ಪುಸ್ತಕಗಳಲ್ಲಿ ಈ ಹೆಸರನ್ನು ಕಂಡ ನೆನಪಿಲ್ಲ.

ಕತೆಯನ್ನು 1937ರಿಂದ ಶುರು ಮಾಡುವುದು ಒಳ್ಳೆಯದು. ಮುಂಬಯಿಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದನ್ನು ಗೆದ್ದವರು ಬ್ರಿಟಿಷ್ ಪಲ್ಟನ್ನಿನ ತಂಡಗಳೇ. 1937ರಲ್ಲಿ ಆ ಸಾಲು ಮುರಿದದ್ದು 'ಬೆಂಗಳೂರು ಮುಸ್ಲಿಮ್ಸ್' ಎಂಬ ತಂಡ. ಮರುವರ್ಷವೂ ಕಪ್ ಅವರದೇ, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಇನ್ನೊಮ್ಮೆ. 1911ರಲ್ಲಿ ಮೋಹನ್ ಬಾಗಾನ್ ಗೋರರ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ಬಂಗಾಳದ ಮಕ್ಕಳಿಗೆಲ್ಲ ಗೊತ್ತು. ಸ್ವಾತಂತ್ರ್ಯ ಹೋರಾಟದ ಒಂದು ಅಧ್ಯಾಯವೆಂದೇ ಅದನ್ನು ಅಲ್ಲಿ ಹೇಳುತ್ತಾರೆ. ನಮ್ಮಲ್ಲಿ 1937 ಯಾರ ಅಧ್ಯಾಯವೂ ಆಗಲಿಲ್ಲ. ಆದರೆ ಕೋಲ್ಕತ್ತದವರಿಗೆ ನಮ್ಮವರ ಬೆಲೆ ಚೆನ್ನಾಗಿ ಗೊತ್ತಿತ್ತು. 1934ರಿಂದ ಸತತ ಐದು ವರ್ಷ ಕೋಲ್ಕತ್ತ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವೂ ಬೆಂಗಳೂರಿನಿಂದ ಆಟಗಾರರನ್ನು ಕರೆಸಿಕೊಂಡಿತ್ತು.

ಅಹ್ಮದ್ ಖಾನ್ ಈ ಮಣ್ಣಿನಲ್ಲೇ 1926ರಲ್ಲಿ ಹುಟ್ಟಿದವರು. ಮನೆಯೇ ಫುಟ್‌ಬಾಲಿನದು, ತಂದೆಯೂ ಆಡುತ್ತಿದ್ದರು, ಅಣ್ಣತಮ್ಮಂದಿರೂ ಆಡುತ್ತಿದ್ದರು. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಬೆಳೆದು 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಸಾಲೆ, ವೆಂಕಟೇಶ್, ಧನರಾಜ್ ಮತ್ತು ಅಹ್ಮದ್ ಖಾನ್ ಎಂಬ ಐವರು ಮುಂಪಡೆಯವರನ್ನು ಅಲ್ಲಿನ ಜನ 'ಪಂಚಪಾಂಡವರು' ಎಂದು ಕರೆದರು. ಆ ಐವರಲ್ಲಿ ಒಬ್ಬ ಬಂಗಾಳಿಯೂ ಇರಲಿಲ್ಲ. ದೇಶ ಹೋಳಾಗಿ, ಪೂರ್ವ ಬಂಗಾಳದಿಂದ ಬರಿಗೈಯಲ್ಲಿ ಬಂದ ನಿರಾಶ್ರಿತ ಹಿಂದೂಗಳು ಈಸ್ಟ್ ಬೆಂಗಾಲನ್ನು ತಮ್ಮ ಕಳೆದುಹೋದ ಊರಿನಂತೆ ಪ್ರೀತಿಸುತ್ತಿದ್ದ ಕಾಲ ಅದು. ಅಂಥವರು ಬೆಂಗಳೂರಿನ ಒಬ್ಬ ಮುಸ್ಲಿಮ್ ಹುಡುಗನಿಗೆ ಪಾಂಡವರ ಪಟ್ಟ ಕಟ್ಟಿದರು! ಈ ಒಂದು ಸಂಗತಿಯ ಮೇಲೆ ಯಾರಾದರೂ ಕತೆ ಬರೆಯಬೇಕು. ನಾವೇ ಬರೆಯಬೇಕಿತ್ತು ಎಂದು ಓದುಗರು ಕೇಳಿದರೆ ತಲೆ ತಗ್ಗಿಸುತ್ತೇವೆ.

ಇವರು ಆ ತಂಡದಲ್ಲಿದ್ದಾಗ ಈಸ್ಟ್ ಬೆಂಗಾಲ್ 1949, 1950, 1951ರಲ್ಲಿ ಸತತ ಮೂರು ಸಲ ಐಎಫ್‌ಎ ಶೀಲ್ಡ್ ಗೆದ್ದಿತು. ಚೆಂಡು ಕಾಲಿಗೆ ಅಂಟಿದಂತೆ ಇರುತ್ತಿತ್ತು ಎಂಬ ಕಾರಣಕ್ಕೆ ಅಹ್ಮದರಿಗೆ 'ಹಾವಾಡಿಗ' ಎಂಬ ಹೆಸರೂ ಬಿದ್ದಿತ್ತು.

ಇನ್ನು ವಾದಕ್ಕೆ ಬರೋಣ. ಯಾಕೆಂದರೆ ಹಿರಿಯರು ಹೇಳಿದ್ದನ್ನು ಹಾಗೆಯೇ ಒಪ್ಪಿಕೊಂಡರೆ ವಾದವೇ ಇರುವುದಿಲ್ಲ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್, ಇಲ್ಫೋರ್ಡ್ ಮೈದಾನ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪಂದ್ಯ. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ, ಪಾದಕ್ಕೆ ಪಟ್ಟಿ ಸುತ್ತಿಕೊಂಡು ಇಳಿದಿದ್ದರು. ಗೋಲಿನಲ್ಲಿ ವರದರಾಜ್, ಮಧ್ಯದಲ್ಲಿ ಬಷೀರ್, ಮುಂದೆ ಅಹ್ಮದ್ ಖಾನ್, ವಜ್ರವೇಲು, ಸಾರಂಗಪಾಣಿ ರಾಮನ್. ದೇಶದ ತಂಡದಲ್ಲಿ ಅರ್ಧದಷ್ಟು ಬೆಂಗಳೂರೇ ಕೂತಿತ್ತು ಎಂದರೆ ತಪ್ಪಿಲ್ಲ. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಇನ್ನೇನು ಮುಗಿಯಬೇಕು ಎನ್ನುವಾಗ ಫ್ರಾನ್ಸಿನವರು ಮತ್ತೊಂದು ಹೊಡೆದು 2-1ರಿಂದ ಗೆದ್ದರು.

ಹಾಗಾದರೆ ರಾಮನ್ ದೊಡ್ಡವರಲ್ಲವೇ? ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಅವರದು. ಒಂದು ದೇಶದ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲು ಬರೆದವರು. ಇದು ಬಲವಾದ ವಾದ, ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಗಳಿಗೆಯ ಹಿರಿಮೆ ಬೇರೆ, ಹತ್ತು ವರ್ಷದ ಹಿರಿಮೆ ಬೇರೆ. ಅಹ್ಮದ್ ಖಾನ್ 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. 1952ರ ಹೆಲ್ಸಿಂಕಿಯಲ್ಲಿ, ಕೊರೆಯುವ ಚಳಿಯಲ್ಲಿ, ಯುಗೊಸ್ಲಾವಿಯಾ ನಮ್ಮವರ ಮೇಲೆ ಹತ್ತು ಗೋಲು ಹೊಡೆದಾಗ ಆ ಕಡೆಗೆ ಹೋದ ಒಂದೇ ಒಂದು ಗೋಲು ಇವರದು. ಆ ಪಂದ್ಯದ ನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಗೆದ್ದಾಗ ಹೊಡೆದ ಗೋಲಿಗೆ ಹಾರ ಹಾಕುವವರು ಇರುತ್ತಾರೆ; 10-1ರ ಆ ಒಂದನ್ನು ಎಣಿಸುವವರು ಯಾರು? ನಾವು ಎಣಿಸುತ್ತೇವೆ. ನಮ್ಮ ಮತ ಅಹ್ಮದ್ ಖಾನ್ ಅವರಿಗೇ.

ನಂತರದವರನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ಕೆಂಪಯ್ಯ ಆ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತದಲ್ಲಿ ಚಿನ್ನ ಬಂದಾಗ ಅರುಮೈನಾಯಗಂ ಇದ್ದರು. ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು, ಮುಂದೆ ಭಾರತದ ನಾಯಕರಾದರು. 2020ರ ಅಕ್ಟೋಬರಿನಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಈ ಪಟ್ಟಿಯನ್ನು ನಮ್ಮ ಮೊಹಲ್ಲಾದ ಹೋಟೆಲಿನಲ್ಲಿ ಒಮ್ಮೆ ಹೇಳಿದಾಗ ಒಬ್ಬರು ಬೆರಳು ಮಡಚಿ, 'ಇದರಲ್ಲಿ ನಮ್ಮವರು ಎಷ್ಟು?' ಎಂದು ಎಣಿಸತೊಡಗಿದರು. ಅವರ ಎಣಿಕೆಯ ಹಿಂದಿನ ಹಸಿವು ನಮಗೆ ಅರ್ಥವಾಗುತ್ತದೆ. ಪ್ರತಿ ಸಲವೂ ದೇಶಕ್ಕೆ ನೀವೇನು ಕೊಟ್ಟಿರಿ ಎಂಬ ಪ್ರಶ್ನೆ ಎದುರಿಸುವವರಿಗೆ ಅಹ್ಮದ್, ಬಷೀರ್ ಎಂಬ ಹೆಸರುಗಳು ಉತ್ತರದಂತೆ ಕಾಣುತ್ತವೆ. ಆದರೆ ಇಲ್ಫೋರ್ಡಿನಲ್ಲಿ ಅಹ್ಮದ್ ಎಡಬಲ ನೋಡಿದಾಗ ಅಲ್ಲಿ ಕಂಡದ್ದು ರಾಮನ್ ಮತ್ತು ವಜ್ರವೇಲು. 'ನಮ್ಮವರು' ಎಂಬ ಮಾತಿಗೆ ಮೈದಾನದಲ್ಲಿ ಜೆರ್ಸಿಯ ಬಣ್ಣವೊಂದೇ ಅರ್ಥ. ಸಾಬರ ಲೆಕ್ಕಕ್ಕೆ ಅಹ್ಮದರನ್ನು ಬರೆದುಕೊಂಡರೆ ಅವರನ್ನು ಇನ್ನಷ್ಟು ಚಿಕ್ಕವರನ್ನಾಗಿ ಮಾಡಿದಂತೆಯೇ.

ಇವರು ಮರೆತುಹೋದದ್ದಕ್ಕೆ ಬರೀ ಧರ್ಮ ಕಾರಣವಲ್ಲ. ಹಾಗಿದ್ದರೆ ರಾಮನ್, ವರದರಾಜ್ ಹೆಸರಾದರೂ ಉಳಿಯಬೇಕಿತ್ತು. ನಮ್ಮ ಅನುಮಾನ ಬೇರೆ. ಈ ಆಟ ಬೆಳೆದದ್ದು ದಂಡು ಪ್ರದೇಶದಲ್ಲಿ. ಅದು 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಇತ್ತು. ಅಲ್ಲಿನ ಗಲ್ಲಿಗಳು ತಮಿಳು, ಉರ್ದು, ಇಂಗ್ಲಿಷ್ ಮಾತಾಡುತ್ತಿದ್ದವು. ಕನ್ನಡದ ಕತೆ ಕಾದಂಬರಿಗಳು ಆ ಗಲ್ಲಿಗಳಿಗೆ ಕಾಲಿಟ್ಟದ್ದು ಕಡಿಮೆ. ಆಟಗಾರರು ಹೊಟ್ಟೆಪಾಡಿಗೆ, ಹೆಸರಿಗೆ ಕೋಲ್ಕತ್ತಕ್ಕೆ ಹೋದರು. ಅಲ್ಲಿನ ಕ್ಲಬ್ಬುಗಳು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡವು. ಸಂತೋಷ್ ಟ್ರೋಫಿಯ ಪಟ್ಟಿಯಲ್ಲಿ 1946-47, 1952-53, 1967-68, 1968-69ರ ಎದುರು 'ಮೈಸೂರು' ಎಂದಿದೆ. ಅದು ತಮ್ಮ ರಾಜ್ಯವೇ ಎಂದು ಇಂದಿನ ಎಷ್ಟು ಹುಡುಗರಿಗೆ ಹೊಳೆಯುತ್ತದೆ? 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿ ತಂದಾಗ 54 ವರ್ಷ ಕಳೆದಿತ್ತು.

ಸೂಳೆಕೆರೆಯ ಕತೆ ಓದುಗರಿಗೆ ಗೊತ್ತಿದ್ದೀತು. ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ನೆಲದಲ್ಲಿದ್ದ ಸೂಳೆಯರು, ಕೆರೆಗೆ ನಮ್ಮ ಹೆಸರಿಡುವುದಾದರೆ ಜಾಗ ಬಿಡುತ್ತೇವೆ ಎಂದರಂತೆ. ಈಗ ಸರಕಾರಿ ಫಲಕದಲ್ಲಿ ಶಾಂತಿಸಾಗರ ಎಂದಿದ್ದರೂ ಜನರ ಬಾಯಲ್ಲಿ ಆ ಹೆಂಗಸರ ಷರತ್ತು ಇನ್ನೂ ನಡೆಯುತ್ತಿದೆ. ನಮ್ಮ ಬರಿಗಾಲಿನವರು ಅಂಥ ಷರತ್ತು ಹಾಕಲಿಲ್ಲ. ಅಹ್ಮದ್ ಖಾನ್ ಆಟ ಮುಗಿಸಿ ಬೆಂಗಳೂರಿಗೆ ಮರಳಿ, 2017ರ ಆಗಸ್ಟ್ 27ರಂದು ಅಲ್ಲಿಯೇ ಕಣ್ಣುಮುಚ್ಚಿದರು.

ಅಂದು ಏರಿಯ ಮೇಲೆ ನಾವು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಹುಡುಗನೊಬ್ಬ, ತಾನು ಕಾಲೇಜು ತಂಡದ ಗೋಲಿಯಂತೆ, ಎದ್ದು ನಿಂತು ಕೇಳಿದ: 'ಸಾರ್, ಬೂಟು ಹಾಕಿದವರು ಒದ್ದ ಚೆಂಡನ್ನು ಹಿಡಿಯುತ್ತಿದ್ದವರು ವರದರಾಜ್ ತಾನೇ? ಅವರನ್ನು ಯಾಕೆ ನೀವು ಲೆಕ್ಕಕ್ಕೇ ತಗೊಳ್ಳಲಿಲ್ಲ?' ಹಿರಿಯರು ಬೀಡಿ ಆರಿಸಿ, 'ಕೂತ್ಕೋ ಮಗನೇ, ಹೇಳು' ಎಂದರು. ಎಲ್ಲರೂ ಮತ್ತೆ ಕೂತೆವು.