ಸೈಕಲ್ ಕ್ಲಬ್‌ಗಳ ಸವಾರಿ ವರ್ಗೀಕರಣ

ಸೈಕಲ್ ಕ್ಲಬ್‌ಗಳು ತಮ್ಮ ಸಾಮೂಹಿಕ ಸವಾರಿಗಳನ್ನು ಸವಾರರ ಶಕ್ತಿಗೆ ತಕ್ಕಂತೆ, ಮುಖ್ಯವಾಗಿ ವೇಗ, ದೂರ ಮತ್ತು ಏರುದಾರಿಯ ಲೆಕ್ಕದಲ್ಲಿ, ದರ್ಜೆಗಳಾಗಿ ವಿಂಗಡಿಸುವ ಪದ್ಧತಿ. ಇಂಗ್ಲೆಂಡಿನಲ್ಲಿ 1870ರ ದಶಕದಲ್ಲಿ ಬೆಳೆದ ಮೊದಲ ಕ್ಲಬ್‌ಗಳಲ್ಲಿ ಸವಾರಿಯ ಹೊಣೆ ಕ್ಯಾಪ್ಟನ್‌ನದಾಗಿತ್ತು. ಅವನ ಸೂಚನೆಯನ್ನು ಕಹಳೆಗಾರನು ಊದಿ ತಿಳಿಸುತ್ತಿದ್ದನು.

1897ರ ಜೂನ್ 12ರಂದು ಹನ್ನೆರಡು ಮಂದಿ ಇಟಾಲಿಯನ್ ಸವಾರರು ರೋಮ್‌ನಿಂದ ನೇಪಲ್ಸ್‌ವರೆಗಿನ 230 ಕಿಲೋಮೀಟರನ್ನು ಹಗಲಿನಲ್ಲೇ ಕ್ರಮಿಸಲು ಹೊರಟರು. ಈ ಸಾಹಸದಿಂದ ಬಳಕೆಗೆ ಬಂದ 'ಆಡಾಕ್ಸ್' ಎಂಬ ಹೆಸರಿಗೆ ಲ್ಯಾಟಿನ್‌ನಲ್ಲಿ ಎದೆಗಾರ ಎಂದರ್ಥ. ಟೂರ್ ಡಿ ಫ್ರಾನ್ಸ್ ಸ್ಥಾಪಕ ಆನ್ರಿ ಡೆಗ್ರಾಂಜ್ 1904ರಲ್ಲಿ ಇದಕ್ಕೆ ನಿಯಮಾವಳಿ ರಚಿಸಿ, ದಾರಿನಾಯಕನು ಹಿಡಿದ ನಿಗದಿತ ವೇಗದಲ್ಲಿ ಇಡೀ ಗುಂಪು ಒಟ್ಟಿಗೆ ಸಾಗುವ ಕ್ರಮವನ್ನು ಫ್ರಾನ್ಸಿನಲ್ಲಿ ನೆಲೆಗೊಳಿಸಿದನು. 1921ರಲ್ಲಿ ಅವನಿಂದ ಬೇರ್ಪಟ್ಟ ಆಡಾಕ್ಸ್ ಕ್ಲಬ್ ಪರಿಸಿಯನ್, ಪ್ರತಿಯೊಬ್ಬರೂ ಕಾಲಮಿತಿಯೊಳಗೆ ತಮ್ಮದೇ ವೇಗದಲ್ಲಿ ಸಾಗುವ 'ಬ್ರೆವೆ' ಸವಾರಿಗಳನ್ನು ಆರಂಭಿಸಿತು. ಒಂದು ಕ್ರಮ ಗುಂಪನ್ನು ಕಾಯ್ದುಕೊಂಡರೆ ಇನ್ನೊಂದು ಸವಾರನ ಸ್ವಾತಂತ್ರ್ಯವನ್ನು ಕಾಯ್ದುಕೊಂಡಿತು. ಮುಂದಿನ ವರ್ಗೀಕರಣಗಳನ್ನು ಈ ಎರಡರ ನಡುವಿನ ಹೊಂದಾಣಿಕೆಗಳೆಂದು ನೋಡಬಹುದು.

ಅಮೆರಿಕದ ಅನೇಕ ಕ್ಲಬ್‌ಗಳು ಅತಿ ವೇಗದ ಗುಂಪಿಗೆ 'ಎ', ನಂತರದವುಗಳಿಗೆ 'ಬಿ', 'ಸಿ', 'ಡಿ' ಎಂಬ ಅಕ್ಷರಗಳನ್ನು ನೀಡುತ್ತವೆ. ಆದರೆ ಒಂದು ಕ್ಲಬ್ಬಿನ 'ಬಿ' ಇನ್ನೊಂದರ 'ಬಿ'ಗೆ ಸಮವಾಗಿರಬೇಕೆಂದಿಲ್ಲ. ಸರಾಸರಿ ವೇಗವೊಂದೇ ಭರವಸೆಯ ಅಳತೆಯೂ ಅಲ್ಲ. ಮುಂದಿನವರ ಚಕ್ರಕ್ಕೆ ಅಂಟಿಕೊಂಡಂತೆ ಸಾಗಿ ಎದುರುಗಾಳಿಯಿಂದ ಮರೆ ಪಡೆಯುವುದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ಸಮತಟ್ಟು ರಸ್ತೆಯಲ್ಲಿ ಇದರ ಬಲದಿಂದ ದುರ್ಬಲರೂ ಗುಂಪಿನೊಡನೆ ಉಳಿಯುತ್ತಾರೆ. ಏರಿನಲ್ಲಿ ವೇಗ ಇಳಿದು ಆ ಮರೆಯ ಪ್ರಯೋಜನ ಕುಗ್ಗಿದಾಗ, ಹಿಂದಿನವನ ಚಕ್ರ ಮುಂದಿನ ಚಕ್ರದಿಂದ ಮೊದಲು ಒಂದು ಮಾರು, ಆಮೇಲೆ ಹತ್ತು ಮಾರು ದೂರವಾಗುತ್ತದೆ. ಏರು ಮುಗಿದ ಮೇಲೂ ಗಾಳಿಯನ್ನು ಒಂಟಿಯಾಗಿ ಎದುರಿಸಬೇಕಾದ ಅವನಿಗೆ ಗುಂಪು ಮತ್ತೆ ದಕ್ಕುವುದು ಕಷ್ಟ. ಆದ್ದರಿಂದ ಹಿಂದುಳಿದವರಿಗಾಗಿ ಗುಂಪು ಕಾಯುತ್ತದೆಯೇ ಎಂಬುದನ್ನು ದರ್ಜೆಯ ವಿವರಣೆ ಮೊದಲೇ ತಿಳಿಸುವುದು ವೇಗದ ಅಂಕಿಗಿಂತ ಮುಖ್ಯ. ಯಾರನ್ನೂ ಬಿಟ್ಟುಹೋಗದ ಸವಾರಿಗೆ 'ನೋ ಡ್ರಾಪ್' ಎಂದೂ, ಕೊನೆಯವರ ಹಿಂದೆಯೇ ಬರುವ ಅನುಭವಿಗೆ 'ಸ್ವೀಪ್' ಎಂದೂ ಹೆಸರು.

ಬೆಂಗಳೂರಿನಿಂದ ಹೊರಡುವ ಬ್ರೆವೆಗಳು ಆಡಾಕ್ಸ್ ಕ್ಲಬ್ ಪರಿಸಿಯನ್‌ನ ಪದ್ಧತಿಯನ್ನೇ ಅನುಸರಿಸುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಗಡುವು. ಅದರೊಳಗೆ ಮುಟ್ಟಿದ ಎಲ್ಲರದೂ ಸಮಾನ ಸಾಧನೆ, ಯಾರಿಗೂ ಸ್ಥಾನ ನೀಡುವುದಿಲ್ಲ.